ಮಗನೆ ಮಗಳನು ವರಿಸೆ: ಈ ವಾರದ ಸಮಸ್ಯಾಪೂರಣ

ಕಡಲಂಚು:
ಎಲ್ಲರಿಗೂ ನಮಸ್ಕಾರ. ಈ ವಾರ ಸಮಸ್ಯೆ ಕೊಡುವ ಸರದಿ ನನ್ನದು. ಪದ್ಯದ ವಿಚಿತ್ರವಾದ ಕೊನೆಯ ಸಾಲು ನಾನು ಕೊಡುತ್ತೇನೆ, ಅದಕ್ಕೆ ಅರ್ಥ ಹೊಂದುವಂತೆ ಮೇಲಿನ ಮೂರು ಸಾಲು ಕಟ್ಟುವುದು ನಿಮ್ಮ ಪೂರಣ. ಪಂಚಮಾತ್ರಾ ಚೌಪದಿ, ಅಂದರೆ ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ, ಬೇಕೇ ಬೇಕು. ಕೊನೆಯ ಸಾಲು ಇದು:

ಮಗನೆ ಮಗಳನು ವರಿಸೆ ಮನೆಗೆಲ್ಲ ಹಬ್ಬ

ನಾನಿರುವುದು ಡಬ್ಲಿನ್‌ನಲ್ಲಿ. ಸಂಜೆ ಕ್ಲಾಂಟಾರ್ಫ್ ಕಡಲ ಬದಿಯಲ್ಲಿ ನಡೆಯುತ್ತೇನೆ. 1014ರಲ್ಲಿ ಐರ್ಲೆಂಡಿನ ದೊರೆ ಬ್ರಿಯನ್ ಬೋರು ಸತ್ತ ಜಾಗ ಇದು. ಅವನ ಮನೆಯ ಕಥೆ ಓದುತ್ತಿದ್ದಾಗ ಈ ಸಾಲು ಹೊಳೆಯಿತು. ಪೂರಣವೂ ಆ ಮನೆಯೊಳಗೇ ಇರಲಿ.

ಕೀಲಕಕ್ಕೆ, ಅಂದರೆ ಈ ಒಗಟು ಬಿಡಿಸುವ ಕೀಲಿಗೆ, ಬೇಕಾದಷ್ಟು ಹೇಳುತ್ತೇನೆ. ಬ್ರಿಯನ್‌ನ ರಾಣಿಯರಲ್ಲಿ ಒಬ್ಬಳು ಗೋರಮ್‌ಲಾ, ಲೆನ್‌ಸ್ಟರ್ ನಾಡಿನ ರಾಜಕುಮಾರಿ. ಅವಳ ಮೊದಲ ಗಂಡ ಡಬ್ಲಿನ್ನಿನಲ್ಲಿ ನೆಲೆಸಿದ್ದ, ಕಡಲಾಚೆಯಿಂದ ಬಂದ ವೈಕಿಂಗರ ದೊರೆ ಓಲಾಫ್. ಅವರ ಮಗ ಸಿಟ್ರಿಕ್. ರೇಷ್ಮೆಗಡ್ಡದ ಸಿಟ್ರಿಕ್ ಎಂದೇ ಅವನಿಗೆ ಹೆಸರು. ಬ್ರಿಯನ್‌ಗೆ ಇನ್ನೊಬ್ಬ ಹೆಂಡತಿಯಲ್ಲಿ ಹುಟ್ಟಿದ ಮಗಳು ಸ್ಲಾನೆ. ಇನ್ನು ನಿಮ್ಮ ಕೈಯಲ್ಲಿದೆ.

ಗುರುಲಘು:
ಒಳ್ಳೆಯ ಸಾಲು. ಮೊದಲು ಓದಿದಾಗ ಎದೆ ಧಸಕ್ಕೆಂದಿತು. ಸಮಸ್ಯೆ ಅಂದರೆ ಹೀಗಿರಬೇಕು. ನನ್ನ ಪೂರಣ:

ಹಗೆಯ ಮಡದಿಯು ಬಂದು ದೊರೆಯರಸಿಯಾದೊಡನೆ
ನಗರದೊಡೆಯನು ಸಿಟ್ರಿಕನು ದೊರೆಗೆ ಕಂದ
ಸಿಗಲು ಬೇರೆಯ ಸತಿಯ ಕುವರಿಯವನಿಗೆ ಜೋಡಿ
ಮಗನೆ ಮಗಳನು ವರಿಸೆ ಮನೆಗೆಲ್ಲ ಹಬ್ಬ

ಮಲ್ಲಿಗೆಮೊಗ್ಗು:
ಚೆನ್ನಾಗಿದೆ ಸರ್. ಒಂದೇ ಮಾತು. ‘ಹಗೆಯ ಮಡದಿ’ ಅಂದರೆ ಗಂಡ ಬದುಕಿರುವಾಗಲೇ ಬಂದಳು ಅನ್ನೋ ಅರ್ಥ ಬರುತ್ತೆ ಅಲ್ವಾ? ಓಲಾಫ್ 981ರಲ್ಲೇ ತೀರಿಕೊಂಡಿದ್ದ. ‘ಹಗೆಯ ವಿಧವೆಯು ಬಂದು’ ಅಂದರೆ ಮಾತ್ರೆಯೂ ಅಷ್ಟೇ, ಅವಳಿಗೂ ನ್ಯಾಯ ಸಿಗುತ್ತೆ.

ಗುರುಲಘು:
ನಿಜ. ತಿದ್ದಿಕೊಂಡೆ. ವಿಧವೆ ಅಂತಲೇ ಇರಲಿ.

ಹೊಸಚಿಗುರು:
ನಾನು ಈ ಬಳಗಕ್ಕೆ ಹೊಸಬ. ಹಗೆಯವನ ಮಗನಿಗೆ ದೊರೆ ಯಾಕೆ ಮಗಳನ್ನು ಕೊಟ್ಟ?

ಕಡಲಂಚು:
ಸೋಲಿಸಿದ್ದಕ್ಕೇ ಕೊಟ್ಟ. ಬ್ರಿಯನ್ ದೊಡ್ಡ ಮನೆತನದವನಲ್ಲ. ಡಾಲ್ ಗಾಶ್ ಎಂಬ ಸಣ್ಣ ಬುಡಕಟ್ಟು, ಶಾನನ್ ಹೊಳೆಯ ದಡದ ಕಿಲ್ಲಲೂ ಊರು. ಅಪ್ಪ ಕೆನ್ನೇಟಿಗ್ 951ರಲ್ಲಿ ಸತ್ತ. ಮಹ್ಗಮನ್ ಎಂಬ ಅಣ್ಣ ಮನ್‌ಸ್ಟರ್ ನಾಡಿನ ರಾಜನಾದ, ಅವನನ್ನು 976ರಲ್ಲಿ ಹಿಡಿದು ಕೊಂದರು. ಅಣ್ಣನ ಸೇಡು ತೀರಿಸಿಕೊಂಡೇ ಬ್ರಿಯನ್ ಮೇಲೆ ಬಂದ. 997ರಲ್ಲಿ ಉತ್ತರದ ದೊರೆ ಮ್ಯಾಲಕಿಯೂ ಇವನೂ ಐರ್ಲೆಂಡನ್ನು ಇಬ್ಬರೊಳಗೆ ಹಂಚಿಕೊಂಡರು. 999ರಲ್ಲಿ ಗ್ಲೆನ್‌ಮಾಮಾ ಎಂಬಲ್ಲಿ ಲೆನ್‌ಸ್ಟರ್ ಮತ್ತು ಡಬ್ಲಿನ್ ಎರಡೂ ಸೇನೆಗಳು ಸೋತವು. ಬ್ರಿಯನ್ ಸಿಟ್ರಿಕ್‌ನನ್ನು ಗಾದಿಯಿಂದ ಇಳಿಸಲಿಲ್ಲ, ಮಗಳನ್ನು ಕೊಟ್ಟು ಡಬ್ಲಿನ್ನನ್ನು ತನ್ನ ಕೈಕೆಳಗೆ ಇಟ್ಟುಕೊಂಡ. 1002ರಲ್ಲಿ ಮ್ಯಾಲಕಿಯೂ ತಲೆಬಾಗಿದ. 1005ರಲ್ಲಿ ಆರ್ಮಾ ಊರಿನ ಚರ್ಚಿಗೆ ಹೋಗಿ ಚಿನ್ನ ಒಪ್ಪಿಸಿದಾಗ ಅಲ್ಲಿನ ಪವಿತ್ರ ಗ್ರಂಥದಲ್ಲಿ ‘ಐರಿಷರ ಸಾಮ್ರಾಟ’ ಎಂದು ಲ್ಯಾಟಿನ್‌ನಲ್ಲಿ ಬರೆಸಿದರು.

ನನಗೆ ಆ ಸಾಮ್ರಾಟ ಪದವಿಗಿಂತ ಈ ನಂಟುಗಳೇ ಜಾಸ್ತಿ ಕಾಡುತ್ತವೆ. ಒಂದೊಂದು ಮದುವೆಯೂ ಒಂದೊಂದು ಕಾಳಗ ನಿಲ್ಲಿಸಲಿ ಅಂತ ಕಟ್ಟಿದ ಗಂಟು. ಕೊನೆಗೆ ಒಡಕು ಬಂದದ್ದೂ ಅಲ್ಲಿಂದಲೇ.

ಹೊಸಚಿಗುರು:
ಹೇಗೆ?

ಕಡಲಂಚು:
100 ವರ್ಷ ಕಳೆದ ಮೇಲೆ, ಬ್ರಿಯನ್ ವಂಶದವರ ಆಳ್ವಿಕೆಯಲ್ಲಿ ಬರೆದ ಕಥೆ ಹೀಗಿದೆ. ಗೋರಮ್‌ಲಾಳ ಒಡಹುಟ್ಟಿದವನು ಮೇಲ್ ಮೋರ್ಡಾ, ಲೆನ್‌ಸ್ಟರ್ ದೊರೆ. ಅವನು ಹಡಗಿನ ಪಟಕಂಬಕ್ಕೆ ಆಗುವಂಥ ಮೂರು ಮರಗಳನ್ನು ಕಾಣಿಕೆಯಾಗಿ ಬ್ರಿಯನ್‌ನ ಕಿಂಕೋರಾ ಅರಮನೆಗೆ ತಂದ. ದಾರಿಯಲ್ಲಿ ತಾನೂ ಹೆಗಲು ಕೊಟ್ಟ. ಆ ಬಿರುಸಿಗೆ ಮೈಮೇಲಿದ್ದ ರೇಷ್ಮೆ ಅಂಗಿಯ ಬೆಳ್ಳಿ ಗುಂಡಿ ಕಿತ್ತುಹೋಯಿತು. ಅಂಗಿ ಕೊಟ್ಟವನೂ ಬ್ರಿಯನ್ನೇ. ಗುಂಡಿ ಹಾಕಿಕೊಡು ಅಂತ ರಾಣಿಯ ಬಳಿ ಕಳಿಸಿದರೆ, ಅವಳು ಅಂಗಿಯನ್ನೇ ಬೆಂಕಿಗೆ ಎಸೆದಳು. ನಮ್ಮಪ್ಪ, ಅಜ್ಜ ಯಾರಿಗೂ ತಲೆಬಾಗಲಿಲ್ಲ, ನೀನು ಇವನ ಮರ ಹೊರುತ್ತೀಯಾ ಎಂದು ಹಂಗಿಸಿದಳು.

ಮಾರನೆಯ ದಿನ ಬ್ರಿಯನ್‌ನ ಹಿರಿಮಗ ಮುರಹದ್ ಮಣೆಯಾಟ ಆಡುತ್ತಿದ್ದ. ಮೇಲ್ ಮೋರ್ಡಾ ಪಕ್ಕದಲ್ಲಿ ನಿಂತು ಎದುರಾಳಿಗೆ ಒಂದು ನಡೆ ಹೇಳಿಕೊಟ್ಟ. ಮುರಹದ್ ಸೋತ. ಗ್ಲೆನ್‌ಮಾಮಾದಲ್ಲಿ ವೈಕಿಂಗರಿಗೆ ಬುದ್ಧಿ ಹೇಳಿ ಸೋಲಿಸಿದವನು ನೀನೇ ಅಲ್ವಾ ಎಂದು ಚುಚ್ಚಿದ. ಇನ್ನೊಮ್ಮೆ ಹೇಳುತ್ತೇನೆ, ಆಗ ಅವರು ಸೋಲುವುದಿಲ್ಲ ಎಂದ ಮೇಲ್ ಮೋರ್ಡಾ. ಹಾಗಾದರೆ ಯೂ ಮರ ಹುಡುಕಿಟ್ಟುಕೋ ಎಂದ ಮುರಹದ್. ಹಿಂದೆ ಸೋತಾಗ ಅವನು ಅಡಗಿದ್ದು ಯೂ ಮರದಲ್ಲಿ. ಹೇಳದೆ ಕೇಳದೆ ಮೇಲ್ ಮೋರ್ಡಾ ಊರಿಗೆ ಹೊರಟುಹೋದ. ಆ ಮುನಿಸೇ ಕ್ಲಾಂಟಾರ್ಫ್ ಕಾಳಗಕ್ಕೆ ದಾರಿಯಾಯಿತು ಎನ್ನುತ್ತದೆ ಕಥೆ.

ಹೊಸಬರಿಗೆ ಇದರಿಂದಲೇ ಒಂದು ಸಾಲು ಕೊಡುತ್ತೇನೆ, ಪ್ರಯತ್ನಿಸಿ:

ಗುಂಡಿ ಕಿತ್ತರೆ ಬೆಂದು ಹೋಯಿತೈ ರಾಜ್ಯ

ಹೊಸಚಿಗುರು:
ಇದು ನನ್ನ ಮೊದಲ ಪೂರಣ. ತಪ್ಪಿದ್ದರೆ ಹೇಳಿಕೊಡಿ.

ತಂಡದಲಿ ಮರ ಹೊತ್ತ ಸೋದರನ ಕಂಡೊಡನೆ
ಕೆಂಡವಾದಳು ರಾಣಿ, ಹೊಲಿಗೆಯನ್ನು ಮರೆತು
ಮಂಡೆ ಬಿಸಿಯಲಿ ಬೆಂಕಿಗೆಸೆಯಲಾ ಪಟ್ಟೆಯನು
ಗುಂಡಿ ಕಿತ್ತರೆ ಬೆಂದು ಹೋಯಿತೈ ರಾಜ್ಯ

ಗುರುಲಘು:
ಶಭಾಷ್! ಪ್ರಾಸ ಎಲ್ಲೂ ತಪ್ಪಿಲ್ಲ. ಎರಡನೇ ಸಾಲಿನ ಮೂರನೇ ಗಣ ನೋಡಿ. ‘ಹೊಲಿಗೆಯನ್ನು’ ಅಂದರೆ 6 ಮಾತ್ರೆ. ‘ಹೊಲಿಗೆಯನು’ ಅನ್ನಿ, 5 ಆಗುತ್ತೆ. ಅಷ್ಟೇ.

ಕಡಲಂಚು:
‘ಮಂಡೆ ಬಿಸಿ’ ಓದಿ ಊರು ನೆನಪಾಯಿತು. ಅದನ್ನು ಬದಲಿಸಬೇಡಿ.

ಮಲ್ಲಿಗೆಮೊಗ್ಗು:
ನಾನು ಮೊದಲ ಸಮಸ್ಯೆಗೇ ವಾಪಸ್ ಬರುತ್ತೇನೆ. ಗುರುಲಘು ಸರ್ ಮದುವೆಯ ದಿನಕ್ಕೆ ನಿಲ್ಲಿಸಿದರು. ನನಗೆ ಆ ಮದುಮಗಳು ಮುಂದೆ ಏನಾದಳು ಅನ್ನೋದೇ ಮುಖ್ಯ ಅನಿಸಿತು. ಕಡಲಂಚು ಅವರೇ, ಕ್ಲಾಂಟಾರ್ಫ್ ಕಾಳಗದ ದಿನ ಸ್ಲಾನೆ ಎಲ್ಲಿದ್ದಳು?

ಕಡಲಂಚು:
ಡಬ್ಲಿನ್ ಕೋಟೆಯ ಗೋಡೆಯ ಮೇಲೆ, ಗಂಡನ ಪಕ್ಕದಲ್ಲಿ. ಏಪ್ರಿಲ್ 23, ಶುಭ ಶುಕ್ರವಾರ. ಒಂದು ಕಡೆ ಅಪ್ಪನ ಸೇನೆ, ಇನ್ನೊಂದು ಕಡೆ ಗಂಡ ಕರೆಸಿದ ವೈಕಿಂಗರು ಮತ್ತು ಮೇಲ್ ಮೋರ್ಡಾ. ಸಂಜೆ ಕಡಲಿನ ಭರತ ಏರಿತು. ವೈಕಿಂಗರು ನೀರಿನತ್ತ ಓಡಿದರು. ಅವರು ತಮ್ಮ ಪಿತ್ರಾರ್ಜಿತಕ್ಕೇ ಹೋಗುತ್ತಿದ್ದಾರೆ, ಕಡಲಿಗೆ, ಎಂದಳಂತೆ ಸ್ಲಾನೆ. ಸಿಟ್ರಿಕ್ ಅವಳಿಗೆ ಹೊಡೆದ.

ಗೆದ್ದದ್ದು ಅವಳ ಅಪ್ಪನ ಕಡೆ. ಆದರೆ 70 ದಾಟಿದ ಅಪ್ಪ ಡೇರೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗ ಸತ್ತ. ಮುರಹದ್ ಸತ್ತ. ಮುರಹದ್‌ನ ಮಗ ಟರ್ಲೋಗೆ 15 ವರ್ಷ, ಮೀನು ಹಿಡಿಯುವ ಕಟ್ಟೆಯ ಬಳಿ ಮುಳುಗಿ ಸತ್ತ. ಅವನ ಎರಡೂ ಕೈ ಒಬ್ಬ ವೈಕಿಂಗನ ಕೂದಲಲ್ಲಿ ಸಿಕ್ಕಿಕೊಂಡಿದ್ದವು ಎನ್ನುತ್ತದೆ ಕಥೆ. ಅಪ್ಪ, ಮಗ, ಮೊಮ್ಮಗ ಒಂದೇ ದಿನ. ಮೇಲ್ ಮೋರ್ಡಾನೂ ಉಳಿಯಲಿಲ್ಲ. ಗೋಡೆಯ ಮೇಲಿದ್ದ ಸಿಟ್ರಿಕ್ ಇನ್ನೂ 22 ವರ್ಷ ಡಬ್ಲಿನ್ ಆಳಿದ.

ಮಲ್ಲಿಗೆಮೊಗ್ಗು:
ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಈಗ ಬಂತು:

ಹಗಲಿಳಿಯೆ ಕಡಲಲೆಯು ಹಡಗುಗಳ ಸೆಳೆದೊಯ್ಯೆ
ಮೊಗ ತಿರುಗಿ ನೆನೆದಳಾ ಕೋಟೆಯಲಿ ರಾಣಿ
ಬಗೆಯೊಳಗೆ ಸುಳಿಯಿತಾ ಹಳೆಯ ದಿಬ್ಬಣದ ದಿನ
ಮಗನೆ ಮಗಳನು ವರಿಸೆ ಮನೆಗೆಲ್ಲ ಹಬ್ಬ

ಗುರುಲಘು:
ಮೇಡಂ, ನನ್ನ ಪೂರಣದಲ್ಲಿ ಆ ಸಾಲು ಒಗಟಿಗೆ ಉತ್ತರವಾಗಿತ್ತು. ನಿಮ್ಮಲ್ಲಿ ಅದೇ ಸಾಲು ಅಳಿಸುತ್ತೆ. ಒಂದಕ್ಷರವೂ ಬದಲಾಗಿಲ್ಲ.

ಕಡಲಂಚು:
ನಾಳೆ ಸಂಜೆ ಕಡಲ ಬದಿಗೆ ಹೋದಾಗ ಇದನ್ನು ಗಟ್ಟಿಯಾಗಿ ಓದುತ್ತೇನೆ.