ಹಳೆಯ ಝೆನ್ ಕಾರಿನ ಕೂಲಂಟ್ ಎಲ್ಲಿ ಸೋರುತ್ತಿದೆ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ (ಹಾಸನದಿಂದ)

ನನ್ನಲ್ಲಿರುವುದು 1999ರ ಮಾರುತಿ ಝೆನ್. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುತ್ತೇನೆ. ಮೂರು ತಿಂಗಳಿಂದ ಕೂಲಂಟ್ ಡಬ್ಬಿಯ ಮಟ್ಟ ಹತ್ತು ದಿನಕ್ಕೊಮ್ಮೆ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುತ್ತಿದೆ. ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಬದಲಿಸಿ ಎಂದರು, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ ಎಂದರು. ಇಬ್ಬರೂ ಬಾನೆಟ್ ಎತ್ತಿ ನೋಡಿ ಹೇಳಿದ್ದಷ್ಟೇ. ಹಣ ಹಾಕುವ ಮೊದಲು ಸೋರಿಕೆಯ ಜಾಗವನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ (ಮೂಡಿಗೆರೆಯಿಂದ)

ದಯವಿಟ್ಟು ಯಾವ ಬಿಡಿಭಾಗವನ್ನೂ ಈಗಲೇ ಕೊಳ್ಳಬೇಡಿ. ನನ್ನ ಬಳಿ ಇದೇ ಕಾರು ಹದಿನಾಲ್ಕು ವರ್ಷದಿಂದ ಇದೆ. ಇದೇ ತೊಂದರೆಗೆ ನಾನು ಮೊದಲು ರೇಡಿಯೇಟರ್ ಬದಲಿಸಿ, ಆಮೇಲೆ ನೋಡಿದರೆ ಸೋರುತ್ತಿದ್ದದ್ದು ವಾಟರ್ ಪಂಪ್.

ನೆಲದ ಮೇಲೆ ಹನಿ ಬೀಳದಿರುವುದಕ್ಕೆ ಕಾರಣವಿದೆ. ಎಂಜಿನ್ ಬಿಸಿಯಾದಾಗ ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದ ಮಿತಿ, ಸಾಮಾನ್ಯವಾಗಿ 0.9 ಅಥವಾ 1.1 ಬಾರ್, ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ಸಣ್ಣ ಸೀಳು ಬಾಯಿಬಿಡುವುದು ಆ ಒತ್ತಡದಲ್ಲಿ ಮಾತ್ರ, ಮತ್ತು ಹೊರಬಂದ ದ್ರವ ಬಿಸಿ ಲೋಹದ ಮೇಲೆ ಬಿದ್ದು ಕೂಡಲೇ ಆವಿಯಾಗುತ್ತದೆ. ಆದರೆ ಅದು ಹೋದ ಜಾಗದಲ್ಲಿ ಉಪ್ಪು ಕಟ್ಟಿದಂತೆ ಬಿಳಿಯ ಅಥವಾ ಹಸಿರು ಬಣ್ಣದ ಕಲೆ ಉಳಿಯುತ್ತದೆ. ಆದ್ದರಿಂದ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಮತ್ತು ಒಂದು ಸಣ್ಣ ಕನ್ನಡಿ ಹಿಡಿದು ಆ ಕಲೆಯನ್ನು ಹುಡುಕಿ: ಮೇಲಿನ ಮತ್ತು ಕೆಳಗಿನ ಹೋಸ್‌ಗಳ ತುದಿ, ಕ್ಲಿಪ್‌ಗಳ ಅಡಿ, ರೇಡಿಯೇಟರ್‌ನ ಎರಡು ಅಂಚು, ಹೀಟರ್‌ಗೆ ಹೋಗುವ ತೆಳು ಹೋಸ್‌ಗಳು. ವಾಟರ್ ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಒಳಗಿನ ಸೀಲ್ ಸವೆದರೆ ನೀರು ಅಲ್ಲಿಂದಲೇ ಹೊರಬರಲಿ ಎಂದು ಬಿಟ್ಟಿರುವ ರಂಧ್ರ ಅದು. ಯಾರಾದರೂ ಅದನ್ನು ಎಂ-ಸೀಲ್ ಹಾಕಿ ಮುಚ್ಚುತ್ತೇನೆ ಎಂದರೆ ಒಪ್ಪಬೇಡಿ.

ಕಣ್ಣಿಗೆ ಏನೂ ಕಾಣದಿದ್ದರೆ ಪ್ರೆಶರ್ ಟೆಸ್ಟರ್ ಇರುವ ಗ್ಯಾರೇಜ್ ಹುಡುಕಿ. ತಣ್ಣಗಿರುವ ಎಂಜಿನ್‌ಗೆ ಮುಚ್ಚಳದ ಬದಲು ಆ ಕೈಪಂಪನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ತುಂಬಿ, ಕಾಲು ಗಂಟೆ ಮುಳ್ಳನ್ನು ಗಮನಿಸುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ, ಮತ್ತು ತಣ್ಣಗಿರುವುದರಿಂದ ಹೊರಬಂದ ಹನಿ ಆವಿಯಾಗದೆ ಅಲ್ಲೇ ನಿಂತಿರುತ್ತದೆ. ಮುಚ್ಚಳವನ್ನೂ ಅದೇ ಉಪಕರಣದಲ್ಲಿ ಪರೀಕ್ಷಿಸಲು ಹೇಳಿ. 0.9ರ ಒತ್ತಡ ನಿಂತರೆ ಬರಿಯ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ; ಮುಚ್ಚಳದ ರಬ್ಬರ್ ಸೆಟೆದುಹೋಗಿ ಒತ್ತಡ ನಿಲ್ಲದಿದ್ದರೆ ಘಾಟಿ ಹತ್ತುವಾಗ ಬೇಗ ಕುದಿದು ಉಕ್ಕುತ್ತದೆ.

ಗ್ಯಾಸ್ಕೆಟ್‌ನ ಅನುಮಾನ ಬಗೆಹರಿಸುವುದು ಕಷ್ಟವಲ್ಲ. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಎರಡೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಮುಚ್ಚಳ ತೆಗೆದಿಟ್ಟಾಗ ಗುಳ್ಳೆಗಳು ನಿಲ್ಲದೆ ಬರುವುದು, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಅದರ ಲಕ್ಷಣಗಳು. ನಿಮ್ಮ ಎಂಜಿನ್‌ನ ಹೆಡ್ ಅಲ್ಯುಮಿನಿಯಂನದು, ಒಮ್ಮೆ ಅತಿಯಾಗಿ ಕಾದರೂ ಸೊಟ್ಟಗಾಗಬಹುದು. ಹಾಗಾಗಿ ಸೋರಿಕೆ ಸಿಗುವವರೆಗೆ ಘಾಟಿಗೆ ಒಯ್ಯಬೇಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ನನ್ನ ತಮ್ಮನ ಮುಂಗೈಯಲ್ಲಿ ಆ ಸುಟ್ಟ ಗಾಯದ ಗುರುತು ಇಂದಿಗೂ ಇದೆ.

ಉತ್ತರ (ಚಿತ್ರದುರ್ಗದಿಂದ, ರೇಡಿಯೇಟರ್ ರಿಪೇರಿ ಕೆಲಸದಲ್ಲಿದ್ದವರು)

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಒಂದು ಪ್ರಶ್ನೆ ಕೇಳುತ್ತೇನೆ: ಇಷ್ಟು ವರ್ಷ ಡಬ್ಬಿಗೆ ಏನನ್ನು ತುಂಬುತ್ತಿದ್ದಿರಿ? ನಮ್ಮ ಕಡೆಯ ಕೊಳವೆಬಾವಿ ನೀರು ಗಡಸು. ಬಿಸಿಯಾದಾಗ ಅದರ ಸುಣ್ಣ ನಳಿಕೆಗಳ ಒಳಗೆ ಪದರ ಕಟ್ಟುತ್ತದೆ, ಜೊತೆಗೆ ಕೂಲಂಟ್‌ನಲ್ಲಿರುವ ತುಕ್ಕುನಿರೋಧಕ ತೆಳುವಾಗುತ್ತಾ ಹೋಗಿ ಅಲ್ಯುಮಿನಿಯಂ ಭಾಗಗಳು ಒಳಗಿನಿಂದಲೇ ಸವೆಯುತ್ತವೆ. ನನ್ನ ಬಳಿಗೆ ಬಂದ ಸೋರಿಕೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಇದೇ ಆಗಿತ್ತು. ತೂತು ಮುಚ್ಚಿ ಮತ್ತೆ ನಲ್ಲಿ ನೀರನ್ನೇ ತುಂಬಿದರೆ ಮುಂದಿನ ವರ್ಷ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಅರ್ಧಕ್ಕರ್ಧ ಬೆರೆಸಿ ಹಾಕಿ.

ಲಾರಿ ಚಾಲಕರು ದಾರಿಯಲ್ಲಿ ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವುದನ್ನು ನಿಮಗೂ ಯಾರಾದರೂ ಹೇಳಬಹುದು. ಅದು ಊರು ಮುಟ್ಟಿಸುತ್ತದೆ, ನಿಜ. ಆದರೆ ಸೋರಿಕೆ ಮುಚ್ಚುವ ಪುಡಿ ಯಾವುದೇ ಇರಲಿ, ತೂತಿನ ಜೊತೆಗೆ ಹೀಟರ್‌ನ ತೆಳು ನಳಿಕೆಗಳನ್ನೂ ಮುಚ್ಚುತ್ತದೆ. ರೇಡಿಯೇಟರೇ ಸೋರುತ್ತಿದ್ದರೆ, ತಾಮ್ರ-ಹಿತ್ತಾಳೆಯದಕ್ಕೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಇರುವ ಅಲ್ಯುಮಿನಿಯಂನದನ್ನು ಬದಲಿಸುವುದೇ ಮೇಲು.

ಉತ್ತರ (ಮಡಿಕೇರಿಯಿಂದ)

ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಕಾರಿನೊಳಗೆ ಸಿಹಿ ವಾಸನೆ ಬಂದು ಗಾಜಿನ ಮೇಲೆ ಜಿಡ್ಡಿನ ಮಂಜು ಕೂರುತ್ತಿದ್ದರೆ ಸೋರುತ್ತಿರುವುದು ಹೀಟರ್. ಎಸಿಯ ನೀರಾದರೆ ಬಣ್ಣವೂ ಇಲ್ಲ, ಜಿಗುಟೂ ಇಲ್ಲ. ಹೊರತೆಗೆದ ಹಳೆಯ ಕೂಲಂಟನ್ನು ಬಾಣಲೆಯಲ್ಲಿ ತೆರೆದಿಡಬೇಡಿ; ಸಿಹಿಯಾಗಿರುವುದರಿಂದ ನಾಯಿ ನೆಕ್ಕುತ್ತದೆ, ಅದು ವಿಷ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಪ್ರೆಶರ್ ಟೆಸ್ಟರ್ ಹಾಕಿಸಿದೆ. ಹತ್ತು ನಿಮಿಷದಲ್ಲಿ ಮುಳ್ಳು 0.9ರಿಂದ 0.6ಕ್ಕೆ ಇಳಿಯಿತು, ಮೇಲಿನ ಹೋಸ್‌ನ ಕ್ಲಿಪ್ ಅಡಿಯಲ್ಲಿ ಒಂದು ಹನಿ ಮೂಡಿತು. ಹೋಸ್ ತೆಗೆದಾಗ ಅದು ಕೂರುವ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದ ಕವಾಟ) ಕವರಿನ ಅಲ್ಯುಮಿನಿಯಂ ಬಾಯಿ ಗೆದ್ದಲು ತಿಂದ ಮರದಂತೆ ಸವೆದಿತ್ತು. ಒಳಗೆ ಥರ್ಮೋಸ್ಟಾಟ್ ಇರಲೇ ಇಲ್ಲ. ಹಿಂದೆ ಯಾರೋ ತೆಗೆದುಹಾಕಿದ್ದಾರೆ. ಚಳಿಗಾಲದಲ್ಲಿ ಬಿಸಿಯ ಮುಳ್ಳು ಮೇಲೇಳದಿದ್ದದ್ದು ಏಕೆಂದು ಈಗ ಅರ್ಥವಾಯಿತು. ಚಿತ್ರದುರ್ಗದವರ ಪ್ರಶ್ನೆಗೆ ನನ್ನ ಉತ್ತರ: ಹೌದು, ಆರು ವರ್ಷ ಮನೆಯ ಬೋರ್‌ವೆಲ್ ನೀರನ್ನೇ ತುಂಬಿದ್ದೇನೆ.

ಕವರ್, ಅದರ ಗ್ಯಾಸ್ಕೆಟ್, ಥರ್ಮೋಸ್ಟಾಟ್, ಎರಡು ಹೋಸ್, ಕ್ಲಿಪ್‌ಗಳು, ಮುಚ್ಚಳ ಇಷ್ಟನ್ನು ಬದಲಿಸಿ, ನೀರು ತಿಳಿಯಾಗುವವರೆಗೆ ಮೂರು ಸಲ ತೊಳೆಸಿದೆ. ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ, ನಿಧಾನವಾಗಿ ತುಂಬಿ, ಗಾಳಿಯ ಗುಳ್ಳೆಗಳು ನಿಂತ ಮೇಲೆ ಮುಚ್ಚಳ ಹಾಕಿದರು. ಐದು ವಾರಗಳಾದವು, ಶಿರಾಡಿಯನ್ನು ಎರಡು ಸಲ ಹತ್ತಿ ಇಳಿದಿದ್ದೇನೆ, ಮಟ್ಟ ಮೇಲಿನ ಗೆರೆಯಲ್ಲೇ ಇದೆ. ಹೀಟರ್‌ನ ತೆಳು ಹೋಸ್‌ಗಳು ಹಿಚುಕಿದರೆ ಬಿರುಕು ತೋರಿಸುತ್ತಿವೆ. ಅವನ್ನು ಮಳೆಗಾಲಕ್ಕೆ ಮೊದಲು ಬದಲಿಸುತ್ತೇನೆ.