ಸಹಾಯ ಬೇಕು: ಎರೆಮಣ್ಣಿನ ಪರೀಕ್ಷಾ ಗುಂಡಿ, ಪದರ ನಂಬುವುದು ಹೇಗೆ?

ಬಳ್ಳಾರಿ ಸೀಮೆಯಲ್ಲಿ ರಸ್ತೆ ಅಗಲೀಕರಣಕ್ಕೆ ಮುಂಚಿನ ಪುರಾತತ್ವ ಸರ್ವೆ. ದಾರಿಗೆ ಅಂಟಿಕೊಂಡೇ ಒಂದು ಬೂದಿದಿಬ್ಬವಿದೆ (ನವಶಿಲಾಯುಗದವರು ಸಗಣಿ ಸುಟ್ಟು ಉಳಿದ ಬೂದಿಯ ಗುಡ್ಡೆ). ಸಂರಕ್ಷಿತ ಸ್ಮಾರಕವಲ್ಲ, ಹಾಗಾಗಿ ಸ್ಮಾರಕದ ಸುತ್ತ ಕಾಮಗಾರಿಗಿರುವ 100 ಮೀಟರ್ ನಿಷೇಧ, ಅದರಾಚೆಗಿನ 200 ಮೀಟರ್ ನಿರ್ಬಂಧ ಎರಡೂ ಇದಕ್ಕಿಲ್ಲ. ಈಗ ಸರಿಯಾಗಿ ದಾಖಲಿಸದಿದ್ದರೆ ಜೆಸಿಬಿ ಬಕೆಟ್ಟಿಗೇ ಹೋಗುತ್ತದೆ.

1×1 ಮೀಟರ್ ಗುಂಡಿ, 10 ಸೆಂ.ಮೀ. ಹಂತ, 5 ಮಿ.ಮೀ. ಜರಡಿ. ತೊಡಕು ಇಷ್ಟು: 40 ಸೆಂ.ಮೀ. ಆಳದಲ್ಲಿ ಉಜ್ಜಿ ನುಣುಪು ಮಾಡಿದ ಬೂದು ಮಡಕೆಚೂರು, ಅದರ ಮಗ್ಗುಲಲ್ಲೇ ಗುಟ್ಕಾ ಚೀಟಿಯ ತುಂಡು! ಬೇಸಿಗೆಯಲ್ಲಿ ಎರೆ ಬಾಯಿಬಿಟ್ಟಾಗ ಮೇಲಿನದು ಕೆಳಗಿಳಿಯುತ್ತದೆ, ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಸದ್ಯಕ್ಕೆ ನೆಟ್ಟಗೆ ನಿಂತ ಚೂರನ್ನು ಅನುಮಾನದ ಪಟ್ಟಿಗೆ, ಅಡ್ಡ ಮಲಗಿದ್ದನ್ನು ಮೂಲ ಪದರಕ್ಕೆ ಸೇರಿಸುತ್ತಿದ್ದೇವೆ. ಇಷ್ಟೇ ಆಧಾರ ಸಾಲದು ಅನ್ನಿಸುತ್ತಿದೆ. ಚೂರಿನ ಮೈಮೇಲಿನ ಸುಣ್ಣದ ಪೊರೆಯನ್ನು, ಅದು ಬಹುಕಾಲದಿಂದ ಅದೇ ಪದರದಲ್ಲಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬಹುದೇ?

ಇನ್ನೊಂದು, ಹಸಿ ಎರೆ ಉಂಡೆಗಟ್ಟಿ ಜರಡಿಯಲ್ಲಿ ಇಳಿಯುವುದೇ ಇಲ್ಲ. ಅಡಿಗೆ ಸೋಡಾ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿ ತೊಳೆದು ಸೋಸಿದವರು, ಒಂದು ಬಕೆಟ್ ಮಣ್ಣಿಗೆ ಎಷ್ಟು ಸೋಡಾ ಹಿಡಿಯಿತು, ಮಣ್ಣಿನಲ್ಲಿರುವ ಸುಟ್ಟು ಕರಿಯಾದ ಹಳೆಯ ಕಾಳುಗಳು ಒಡೆಯದೆ ಉಳಿದವೇ ಎಂದು ದಯವಿಟ್ಟು ತಿಳಿಸಿ. ಗುಂಡಿಗಳು ಇನ್ನೂ ತೆರೆದೇ ಇವೆ, ಮಳೆಗೆ ಮುಂಚೆ ಮುಚ್ಚಬೇಕು.