ತಾಯಿಯ ಮೂಲಕ ಬಂದ ಅಮೆರಿಕನ್ ಪೌರತ್ವ: ಮಗಳ ಪಾಸ್‌ಪೋರ್ಟ್ ಅರ್ಜಿಗೆ ಹೆಚ್ಚಿನ ದಾಖಲೆ ಕೇಳಿದ್ದಾರೆ

ಪ್ರಶ್ನೆ

ನಮಸ್ಕಾರ. ನನ್ನ ಮಗಳು 2005ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಹುಟ್ಟಿ, 2015ರಲ್ಲಿ ನಮ್ಮೊಂದಿಗೆ ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದವಳು. 2019ರಲ್ಲಿ ಇಲ್ಲಿನ ನ್ಯಾಯಾಲಯದಲ್ಲಿ ನಮ್ಮ ವಿಚ್ಛೇದನವಾಯಿತು. ಮಗಳ ಸುಪರ್ದಿಯನ್ನು ಇಬ್ಬರಿಗೂ ಜಂಟಿಯಾಗಿ ಕೊಟ್ಟಿದ್ದರೂ ಅವಳು ಬೆಳೆದದ್ದು ನನ್ನ ಮನೆಯಲ್ಲೇ. 2022ರ ಜೂನ್‌ನಲ್ಲಿ ನಾನು ಅಮೆರಿಕದ ಪೌರತ್ವ ಪಡೆದೆ. ಅವಳ ತಂದೆ ಇಂದಿಗೂ ಭಾರತೀಯ ಪೌರರು.

ಈಗ ಕಾಲೇಜಿನಲ್ಲಿರುವ ಮಗಳು ಅಮೆರಿಕನ್ ಪಾಸ್‌ಪೋರ್ಟಿಗೆ ಹಾಕುವ ಡಿಎಸ್-11 ಅರ್ಜಿಯೊಂದಿಗೆ ತನ್ನ ಜನನ ಪ್ರಮಾಣಪತ್ರ, ಗ್ರೀನ್ ಕಾರ್ಡ್ ಮತ್ತು ನಾನು ಪೌರತ್ವ ಪಡೆದಾಗ ಕೊಟ್ಟ ನ್ಯಾಚುರಲೈಸೇಷನ್ ಸರ್ಟಿಫಿಕೇಟ್ ಸಲ್ಲಿಸಿದ್ದಳು. 18 ತುಂಬುವ ಮೊದಲು ಅವಳು ನನ್ನ ಸುಪರ್ದಿಯಲ್ಲಿ ನನ್ನ ಜೊತೆಯೇ ವಾಸವಿದ್ದಳೆಂಬುದಕ್ಕೂ, ಜನನ ಪ್ರಮಾಣಪತ್ರದಲ್ಲಿರುವ ತಾಯಿ ನಾನೇ ಎಂಬುದಕ್ಕೂ ಪುರಾವೆ ಬೇಕೆಂದು ಪಾಸ್‌ಪೋರ್ಟ್ ಕಚೇರಿಯಿಂದ ಪತ್ರ ಬಂದಿದೆ. ಜನನ ಪ್ರಮಾಣಪತ್ರದಲ್ಲಿ ತವರಿನ ಇನಿಷಿಯಲ್ ಸಹಿತ ನನ್ನ ಹೆಸರಿದೆ; ಸರ್ಟಿಫಿಕೇಟ್‌ನಲ್ಲಿ ಮಾಜಿ ಪತಿಯ ಹೆಸರು ಸರ್‌ನೇಮ್ ಆಗಿ ಸೇರಿಕೊಂಡಿದೆ. ಎನ್-600 (ಪೌರತ್ವ ಪ್ರಮಾಣಪತ್ರದ ಅರ್ಜಿ) ಹಾಕದೆ ಬೇರೆ ದಾರಿಯಿಲ್ಲ ಎಂದು ಪರಿಚಿತರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ 1

ನಿಜವಲ್ಲ. ಎನ್-600 ಅರ್ಜಿಯಿಂದ ದೊರೆಯುವ ಪೌರತ್ವ ಪ್ರಮಾಣಪತ್ರವು ಈಗಾಗಲೇ ಬಂದಿರುವ ಪೌರತ್ವವನ್ನು ದಾಖಲಿಸುತ್ತದೆಯೇ ಹೊರತು ಅದನ್ನು ಕೊಡುವುದಿಲ್ಲ, ಮತ್ತು ಪಾಸ್‌ಪೋರ್ಟ್ ಪಡೆಯಲು ಅದು ಕಡ್ಡಾಯವೂ ಅಲ್ಲ. ಅದರ ಶುಲ್ಕ ಸಾವಿರ ಡಾಲರ್ ದಾಟಿದೆ. ಪತ್ರವೊಂದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಆ ದಾರಿ ಹಿಡಿಯುವುದು ನನ್ನ ದೃಷ್ಟಿಯಲ್ಲಿ ಅವಸರದ ನಿರ್ಧಾರ.

2000ನೇ ಇಸವಿಯ ಚೈಲ್ಡ್ ಸಿಟಿಜನ್‌ಶಿಪ್ ಆಕ್ಟ್ ಪ್ರಕಾರ, ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಅಮೆರಿಕದ ಪೌರರಾಗಿರಬೇಕು. ಮಗುವಿಗೆ 18 ತುಂಬಿರಬಾರದು. ಅದು ಗ್ರೀನ್ ಕಾರ್ಡ್ ಪಡೆದು, ಆ ಪೌರ ಪೋಷಕರ ಕಾನೂನುಬದ್ಧ ಸುಪರ್ದಿಯಲ್ಲಿ ಅವರೊಂದಿಗೆ ಅಮೆರಿಕದಲ್ಲಿ ವಾಸವಾಗಿರಬೇಕು. ಇವು ಯಾವ ಕ್ರಮದಲ್ಲಿ ಕೂಡಿಬಂದವು ಎಂಬುದು ಮುಖ್ಯವಲ್ಲ. 18 ತುಂಬುವ ಮುಂಚಿನ ಯಾವುದೋ ಒಂದು ದಿನ ಎಲ್ಲವೂ ಏಕಕಾಲಕ್ಕೆ ಇದ್ದರೆ ಸಾಕು, ಅಂದೇ ಪೌರತ್ವ ತಾನಾಗಿ ಬಂದಿರುತ್ತದೆ. ನಿಮ್ಮ ಮಗಳ ಮಟ್ಟಿಗೆ ಅದು ನೀವು ಪ್ರಮಾಣವಚನ ಸ್ವೀಕರಿಸಿದ ದಿನ. ಸಂದರ್ಶನದ ದಿನವಾಗಲಿ ಅರ್ಜಿ ಒಪ್ಪಿಗೆಯಾದ ದಿನವಾಗಲಿ ಲೆಕ್ಕಕ್ಕಿಲ್ಲ. ಅಂದು ಅವಳಿಗೆ 16 ವರ್ಷ. ಆದ್ದರಿಂದ ಅವಳು ನಿಮ್ಮ ಜೊತೆ ವಾಸವಿದ್ದಳೆಂಬುದಕ್ಕೆ ನೀವು ಕಳುಹಿಸುವ ಪ್ರತಿಯೊಂದು ಕಾಗದವೂ 2022ರ ಜೂನ್ ಮತ್ತು 2023ರ ಡಿಸೆಂಬರ್‌ಗಳ ನಡುವಿನ ಅವಧಿಯನ್ನು ಮುಟ್ಟುವಂತಿರಲಿ. ದಾಖಲೆಗಳ ರಾಶಿಯನ್ನೇ ಕಳುಹಿಸಿಯೂ ಈ ಅವಧಿಯದ್ದೊಂದೂ ಅದರಲ್ಲಿಲ್ಲದಿದ್ದರೆ ಪರಿಶೀಲಿಸುವವರಿಗೆ ಪ್ರಯೋಜನವಿಲ್ಲ.

ಸುಪರ್ದಿಗೆ ವಿಚ್ಛೇದನದ ತೀರ್ಪಿನ ಪ್ರತಿಯನ್ನು ನ್ಯಾಯಾಲಯದ ಮುದ್ರೆಯೊಂದಿಗೆ ಪಡೆದು ಕಳುಹಿಸಿ. ಸುಪರ್ದಿಯ ಆದೇಶ ಪ್ರತ್ಯೇಕವಾಗಿದ್ದರೆ ಅದೂ ಬೇಕು. ಜಂಟಿ ಸುಪರ್ದಿ ಎಂದಿರುವುದಕ್ಕೆ ಅಂಜಬೇಕಿಲ್ಲ, ವಲಸೆ ನಿಯಮಾವಳಿಯೇ ಅದನ್ನು ಕಾನೂನುಬದ್ಧ ಸುಪರ್ದಿಯೆಂದು ಒಪ್ಪುತ್ತದೆ. ಆದರೆ ಮಗಳು ವಾಸ್ತವವಾಗಿ ನಿಮ್ಮ ಮನೆಯಲ್ಲಿದ್ದಳೆಂಬುದನ್ನು ತೀರ್ಪು ಹೇಳುವುದಿಲ್ಲ. ಅದಕ್ಕೆ ಹೈಸ್ಕೂಲಿನಿಂದ ಪಡೆದ, ಅವಳ ಹೆಸರು, ಪೋಷಕರಾಗಿ ನಿಮ್ಮ ಹೆಸರು ಮತ್ತು ಮನೆಯ ವಿಳಾಸ ಮೂರೂ ಒಂದೇ ಹಾಳೆಯಲ್ಲಿರುವ ದಾಖಲೆ ಬಲವಾದದ್ದು. ಅವಳನ್ನು ಅವಲಂಬಿತಳೆಂದು ತೋರಿಸಿದ 2022ರ ತೆರಿಗೆ ರಿಟರ್ನ್, ಆರೋಗ್ಯ ವಿಮೆಯ ಪತ್ರ, ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು ಇವನ್ನೂ ಜೊತೆಗಿಡಬಹುದು.

ಉತ್ತರ 2

ಮೇಲಿನವರು ಸುಪರ್ದಿಯ ಬಗ್ಗೆ ಹೇಳಿದ್ದು ಸರಿ. ಹೆಸರಿನ ವಿಷಯ ಉಳಿದಿದೆ. ನಮ್ಮವರಲ್ಲಿ ಇದೇ ಹೆಚ್ಚು ತೊಡಕು ಕೊಡುವುದು, ಏಕೆಂದರೆ ಇನಿಷಿಯಲ್ ಎಂಬುದು ತಂದೆಯ ಹೆಸರೋ ಊರ ಹೆಸರೋ ಎಂದು ಅಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಎರಡೂ ಹೆಸರುಗಳು ಒಟ್ಟಿಗೆ ಕಾಣುವ ಕಾಗದವನ್ನು ಹುಡುಕಿ. ವಿವಾಹ ಪ್ರಮಾಣಪತ್ರ ಮೊದಲನೆಯದು. ನಿಮ್ಮ ಹಳೆಯ ಭಾರತೀಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ, ತಾಯಿ ಮತ್ತು ಪತಿಯ ಹೆಸರುಗಳು ಅಚ್ಚಾಗಿರುತ್ತವೆ. ಮಗಳ ಭಾರತೀಯ ಪಾಸ್‌ಪೋರ್ಟಿನ ಅದೇ ಪುಟದಲ್ಲಿ ನಿಮ್ಮ ಹೆಸರಿರುತ್ತದೆ. ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕೊಂಡಿ ಸಿಗಬಹುದು. ಪ್ರಮಾಣವಚನದ ಸಮಯದಲ್ಲೇ ನ್ಯಾಯಾಲಯದ ಮೂಲಕ ಹೆಸರು ಬದಲಿಸಿಕೊಂಡಿದ್ದರೆ ಆ ಆದೇಶದ ಪ್ರತಿಯನ್ನು ಸೇರಿಸಲೇಬೇಕು. ಇಷ್ಟಾದ ಮೇಲೆ, ಯಾವ ಹೆಸರು ಯಾವ ದಾಖಲೆಯಲ್ಲಿ ಏಕೆ ಹಾಗಿದೆ ಎಂದು ವಿವರಿಸುವ ಒಂದು ಪುಟದ ಸಹಿ ಮಾಡಿದ ಹೇಳಿಕೆಯನ್ನು ಎಲ್ಲಕ್ಕಿಂತ ಮೇಲಿಡಿ.

ಮರುಪ್ರಶ್ನೆ

ಇಬ್ಬರಿಗೂ ಕೃತಜ್ಞತೆಗಳು. ವಿವಾಹ ಪ್ರಮಾಣಪತ್ರದಲ್ಲಿ ಎರಡೂ ಹೆಸರುಗಳಿವೆ. ಇನ್ನೊಂದು ಸಂದೇಹ: ನ್ಯಾಚುರಲೈಸೇಷನ್ ಸರ್ಟಿಫಿಕೇಟ್ ಮೇಲೆಯೇ ಅನುಮತಿಯಿಲ್ಲದೆ ನಕಲು ಮಾಡುವುದು ಶಿಕ್ಷಾರ್ಹ ಎಂದು ಬರೆದಿದೆ. ಮುಂದಿನ ಬಳಕೆಗೆ ಪ್ರತಿ ಇಟ್ಟುಕೊಳ್ಳಬಹುದೇ?

ಉತ್ತರ 1

ಪಾಸ್‌ಪೋರ್ಟ್ ಅರ್ಜಿಯಂಥ ಕಾನೂನುಬದ್ಧ ಉದ್ದೇಶಕ್ಕೆ ಪ್ರತಿ ತೆಗೆಯುವುದಕ್ಕೆ ಅಡ್ಡಿಯಿಲ್ಲ. ಅರ್ಜಿಯೊಂದಿಗೆ ಮೂಲ ಮತ್ತು ನೆರಳಚ್ಚು ಎರಡನ್ನೂ ಅವರೇ ಕೇಳುತ್ತಾರೆ. ಮೂಲ ದಾಖಲೆಗಳು ಪಾಸ್‌ಪೋರ್ಟ್ ಬಂದ ಲಕೋಟೆಯಲ್ಲೇ ಇಲ್ಲವೆಂದು ಗಾಬರಿಯಾಗಬೇಡಿ, ಅವು ಬೇರೆ ಅಂಚೆಯಲ್ಲಿ ಬರುವುದುಂಟು. ಉತ್ತರ ಕಳುಹಿಸುವಾಗ ಅವರ ಪತ್ರವನ್ನೂ ಒಳಗಿಡಿ, ಅದರಲ್ಲಿನ ಗಡುವನ್ನು ಮೀರಬೇಡಿ, ಮತ್ತು ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳುಹಿಸಿ.

ಇದನ್ನು ಓದುವ ಬೇರೆಯವರಿಗೊಂದು ಮಾತು. ಚೈಲ್ಡ್ ಸಿಟಿಜನ್‌ಶಿಪ್ ಆಕ್ಟ್ ಜಾರಿಗೆ ಬಂದದ್ದು 2001ರ ಫೆಬ್ರುವರಿ 27ರಂದು. ಅಂದಿಗಾಗಲೇ 18 ತುಂಬಿದ್ದವರಿಗೆ ಹಳೆಯ ನಿಯಮ ಅನ್ವಯಿಸುತ್ತದೆ, ಅದರಲ್ಲಿ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರೂ ಪೌರರಾಗಿರಬೇಕಿತ್ತು. ಮಲತಂದೆ ಅಥವಾ ಮಲತಾಯಿಯ ಮೂಲಕ, ಅವರು ದತ್ತು ಪಡೆದಿರದಿದ್ದರೆ, ಪೌರತ್ವ ಬರುವುದಿಲ್ಲ.

ಉತ್ತರ 2

ಪಾಸ್‌ಪೋರ್ಟ್ ಕೈಸೇರಿದ ಮೇಲೆ ಮಗಳು ಅದನ್ನು ಹಿಡಿದು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ತನ್ನ ದಾಖಲೆಯಲ್ಲಿ ಪೌರತ್ವವನ್ನು ತಿದ್ದಿಸಿಕೊಳ್ಳಲಿ. ಪಾಸ್‌ಪೋರ್ಟ್ ಕೊಟ್ಟ ಮಾತ್ರಕ್ಕೆ ಆ ಕಚೇರಿಗೆ ಸುದ್ದಿ ತಲುಪಿರುತ್ತದೆ ಎಂದು ಭಾವಿಸಬಾರದು. ಎನ್-600 ಅರ್ಜಿಗೆ ವಯಸ್ಸಿನ ಮಿತಿಯಿಲ್ಲ; ಅವಧಿ ಮುಗಿಯದ ಪುರಾವೆಯೊಂದು ಮನೆಯಲ್ಲಿರಲಿ ಎನಿಸಿದರೆ ಅದನ್ನು ಆಮೇಲೆ, ಹಣದ ಅನುಕೂಲ ನೋಡಿಕೊಂಡು ಹಾಕಬಹುದು.